ಧೂಳಿನ ಮೇಲೊಂದು ಎಡಗೈ

ಕಂತು ಹನ್ನೊಂದು

ಕ್ರೌಡರ್ ಫೋಟೋವನ್ನು ಕೈಗೆತ್ತಿಕೊಳ್ಳಲಿಲ್ಲ. ಮೇಜಿನ ಮೇಲೆ ನಾನು ಇಟ್ಟಲ್ಲೇ ಬಿಟ್ಟು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿ ನೋಡಿದ.

“ಎಲ್ಲಿ ತೆಗೆದದ್ದು?”

“ಮುಹೈಸ್ನಾದಲ್ಲಿ. ನಮ್ಮ ಗಾರ್ಡುಗಳ ಕ್ಯಾಂಪಿನ ಹಿಂದಿನ ಮರಳು ಜಾಗದಲ್ಲಿ. ನಿಝಾಮನ ಕಾರು.”

ಅವನು ಮುಂದೆ ಏನೂ ಹೇಳಲಿಲ್ಲ. ಇಪ್ಪತ್ತೊಂದು ವರ್ಷ ಅಮೆರಿಕದಲ್ಲಿ ಪೊಲೀಸ್ ಕೆಲಸ ಮಾಡಿದವನಿಗೆ ಸುಮ್ಮನಿರುವುದನ್ನು ಯಾರೂ ಕಲಿಸಬೇಕಾಗಿಲ್ಲ. ನಾನೂ ಹನ್ನೊಂದು ವರ್ಷ ಕರಾವಳಿಯ ಒಂದು ಠಾಣೆಯಲ್ಲಿ ಕಾನ್‌ಸ್ಟೇಬಲ್ ಆಗಿದ್ದವನು. ಎದುರಿನವನ ಮೌನಕ್ಕೆ ಹೆದರಿ ನಾವೇ ಬಾಯಿ ಬಿಡಬಾರದು ಎನ್ನುವಷ್ಟು ನನಗೂ ಗೊತ್ತು. ಹಾಗಾಗಿ ಇಬ್ಬರೂ ಕುಳಿತೆವು. ಹೊರಗಿನ ಕಾರಿಡಾರಿನಲ್ಲಿ ಹೊಸ ಗಾರ್ಡುಗಳು ಬೆಂಕಿ ಆರಿಸುವ ಪಾಠವನ್ನು ಮದ್ರಸದ ಮಕ್ಕಳಂತೆ ರಾಗವಾಗಿ ಒಪ್ಪಿಸುತ್ತಿದ್ದರು.

ನಿಝಾಮ್ ಕಾಣೆಯಾಗಿ ಅಂದಿಗೆ ಒಂಬತ್ತು ದಿನ. ನಮ್ಮ ಸೆಕ್ಯುರಿಟಿ ಕಂಪನಿಯ ಗಾರ್ಡ್ ಅವನು. ಮದುವೆಯಾಗಿ ಏಳು ವರ್ಷದ ಮೇಲೆ ಮೊದಲ ಸಲ ದುಬೈಗೆ ಬರುತ್ತಿದ್ದ ಹೆಂಡತಿ ಹಫ್ಸಳನ್ನು ಕರೆತರಲು ಏರ್‌ಪೋರ್ಟಿಗೆ ಹೊರಟವನು ಅಲ್ಲಿಗೆ ತಲುಪಲೇ ಇಲ್ಲ.

ಸಂಜೆ ನಾಲ್ಕಕ್ಕೆ ಕಂಪನಿ ಅವನನ್ನು ‘ಆ್ಯಬ್‌ಸ್ಕಾಂಡ್’ ಎಂದು ಬರೆದು ಕಳಿಸಲಿತ್ತು. ಆ ಒಂದು ಕಾಗದ ಹೋದರೆ ಅವನು ಕಾಣೆಯಾದವನಲ್ಲ, ಓಡಿಹೋದವನು. ಕಾಣೆಯಾದವನನ್ನು ಹುಡುಕುತ್ತಾರೆ. ಓಡಿಹೋದವನು ತಾನಾಗಿಯೇ ಸಿಕ್ಕಿಬೀಳಲಿ ಎಂದು ಕಾಯುತ್ತಾರೆ. ಹಫ್ಸ ನನ್ನ ಮನೆಯಲ್ಲಿ ಸೂಟ್‌ಕೇಸ್ ಕೂಡ ಬಿಚ್ಚದೆ ಕೂತಿದ್ದಳು. “ಅವ್ರು ಬಂದ ಮೇಲೆ ಬಿಚ್ತೇನೆ,” ಎಂದು ದಿನಾ ಹೇಳುತ್ತಿದ್ದಳು. ಈ ಏಳು ವರ್ಷಗಳಲ್ಲಿ ಗಂಡ ಹೆಂಡತಿ ಒಂದು ಸೂರಿನಡಿ ಇದ್ದದ್ದು ಎಲ್ಲ ರಜೆ ಸೇರಿಸಿ ಹತ್ತು ತಿಂಗಳು.

ಈಗ ಹನ್ನೆರಡೂಕಾಲು. ನಾನು ಸಿಲಿಕಾನ್ ಓಯಸಿಸ್‌ನ ಈ ತರಬೇತಿ ಕೇಂದ್ರಕ್ಕೆ ಬಂದದ್ದು ಕ್ರೌಡರನ ಬಾಯಿ ಬಿಡಿಸಲು. ಗಾರ್ಡುಗಳಿಗೆಲ್ಲ ಅವನೇ ಮೇಷ್ಟ್ರು. ಅವನದು ಮೂಗಿನಲ್ಲಿ ಆಡುವ ಇಂಗ್ಲಿಷ್. ಅದನ್ನು ನನ್ನ ಕನ್ನಡಕ್ಕೆ ಇಳಿಸಿಯೇ ಇಲ್ಲಿ ಹೇಳುತ್ತಿದ್ದೇನೆ.

“ಗುರುತು ಎಲ್ಲುಂಟು ನೋಡಿ,” ಎಂದೆ. “ಡ್ರೈವರ್ ಬದಿ, ಹಿಂದಿನ ಲೈಟಿನ ಮೇಲೆ. ಅಂಗೈ, ನಾಲ್ಕು ಬೆರಳು. ಎಡಗೈ.”

ಸೆಪ್ಟೆಂಬರಿನಲ್ಲಿ ಇಲ್ಲಿ ಹಗಲೆಲ್ಲ ಧೂಳು, ಬೆಳಗಿನ ಜಾವ ಇಬ್ಬನಿ. ಎರಡೂ ಸೇರಿ ನಿಂತ ಕಾರಿಗೆ ಕೆಸರು ಸಾರಿಸಿದಂತೆ ಮೆತ್ತಿಕೊಳ್ಳುತ್ತವೆ. ಇಬ್ಬನಿ ಆರುವ ಮೊದಲು ಅದರ ಮೇಲೆ ಕೈಯಿಟ್ಟರೆ ಗುರುತು ಒಣಗಿ ಗಟ್ಟಿಯಾಗುತ್ತದೆ. ಅಂದರೆ ಬೆಳಗ್ಗೆ ಏಳೂವರೆಯೊಳಗೆ ಯಾರೋ ಆ ಕಾರಿನ ಹಿಂಬದಿಯನ್ನು ಒತ್ತಿದ್ದರು. ಕಾರು ಮಾತ್ರ ಲಾಕ್ ಆಗಿ, ಗಾಜು ಒಡೆಯದೆ, ಗೀರು ಬೀಳದೆ, ಅಲ್ಲೇ ನಿಂತಿತ್ತು. ಇದನ್ನೆಲ್ಲ ಅವನಿಗೂ ಹೇಳಿದೆ.

“ನೀವೇ ಕಲಿಸಿದ್ದು,” ಎಂದು ಮುಂದುವರಿಸಿದೆ. “ಎರಡು ವರ್ಷದ ಹಿಂದೆ, ಕೆಳಗಿನ ಪಾರ್ಕಿಂಗಿನಲ್ಲಿ. ನಿಲ್ಲಿಸಿದ ಕಾರಿನ ಹತ್ತಿರ ಹೋಗುವಾಗ ನೀವು ಹಿಂಬದಿ ಒತ್ತಿ ಹೋದಿರಿ. ನಾವೆಲ್ಲ ನಕ್ಕಿದ್ದೆವು.”

“ಡಿಕ್ಕಿ ಸರಿಯಾಗಿ ಮುಚ್ಚಿದೆಯಾ ಎಂದು ನೋಡಲಿಕ್ಕೆ.”

“ಅದು ಒಂದು ಕಾರಣ. ಇನ್ನೊಂದೂ ಹೇಳಿದ್ದಿರಿ.”

ಕ್ರೌಡರ್ ಕಿಟಕಿಯ ಕಡೆ ನೋಡಿದ. “ನಮಗೆ ಏನಾದರೂ ಆದರೆ, ನಾವು ಆ ಕಾರಿನ ಹತ್ತಿರ ಹೋಗಿದ್ದೆವು ಎಂದು ಬೆರಳಚ್ಚಾದರೂ ಹೇಳಬೇಕು. ಹಳೆಯ ಕಾಲದ ಅಭ್ಯಾಸ. ಈಗಿನ ಹುಡುಗರು ಮಾಡುವುದಿಲ್ಲ, ಅವರ ಎದೆಯ ಮೇಲೇ ಕ್ಯಾಮೆರಾ ಇರುತ್ತದೆ.”

“ಎಡಗೈ ಯಾಕೆ?”

“ಬಲಗೈ ಬಂದೂಕಿನದು. ಅದು ಖಾಲಿ ಇರಬೇಕು.”

ನಮ್ಮ ಗಾರ್ಡುಗಳ ಸೊಂಟದಲ್ಲಿರುವುದು ವಾಕಿಟಾಕಿ ಮತ್ತು ಕೀಗೊಂಚಲು. ಕ್ರೌಡರನ ಸೊಂಟದಲ್ಲಿ ಅದೂ ಇಲ್ಲ. ಆದರೂ ಅವನು ಪ್ರತಿ ಸಲ ಎಡಗೈಯನ್ನೇ ಚಾಚುತ್ತಿದ್ದ. ನನಗೆ ಅದು ನೆನಪಿದ್ದದ್ದರಿಂದಲೇ ನಿನ್ನೆ ಆ ಕಾರಿನ ಮುಂದೆ ನಿಂತಾಗ ಮೊದಲು ಅವನ ಹೆಸರೇ ಹೊಳೆದಿತ್ತು.

“ಆ ದಿನ ಬೆಳಗ್ಗೆ ಏಳು ಹತ್ತಕ್ಕೆ ಕ್ಯಾಂಪಿನ ಗೇಟ್ ಪುಸ್ತಕದಲ್ಲಿ ನಿಮ್ಮ ಸೈನ್ ಉಂಟು.”

“ಹೋಗಿದ್ದೆ,” ಎಂದ, ಒಂದು ಕ್ಷಣವೂ ತಡಮಾಡದೆ. “ಹೂ ಕೊಡಲಿಕ್ಕೆ.”

“ಹೂವಾ?”

“ಹೆಂಡತಿ ಬರುವಾಗ ಏರ್‌ಪೋರ್ಟಿಗೆ ಬರಿಗೈಯಲ್ಲಿ ಹೋಗಬಾರದು ಎಂದು ಅವನಿಗೆ ಹೇಳಿದ್ದೆ. ‘ನಮ್ಮಲ್ಲಿ ಅಷ್ಟು ಜನರ ಎದುರು ಹೆಂಡತಿಗೆ ಹೂ ಕೊಟ್ಟರೆ ಅವಳು ಅದೇ ವಿಮಾನ ಹತ್ತಿ ವಾಪಸ್ ಹೋಗ್ತಾಳೆ ಸಾರ್’ ಎಂದು ನಕ್ಕ. ನಾನು ತೆಗೆದುಕೊಂಡೇ ಹೋದೆ. ರೂಮಿನಲ್ಲಿ ಇರಲಿಲ್ಲ. ಕ್ಯಾಂಪ್ ಬಾಸ್ ಕೈಯಲ್ಲಿ ಕೊಟ್ಟು ಬಂದೆ.”

ಕ್ಯಾಂಪ್ ಬಾಸ್ ಎಂದರೆ ಅಹ್ಮದ್ ಕುಂಞಿ. ನನ್ನ ಊರಿನ ಕಡೆಯವರೇ, ಅರವತ್ತು ದಾಟಿದವರು, ಯಾರ ಮನೆಯ ಮದುವೆಗೂ ಮುಂದೆ ನಿಂತು ಓಡಾಡುವವರು. ಒಂಬತ್ತು ದಿನದಲ್ಲಿ ನಾನು ಅವರ ಜೊತೆ ಹತ್ತು ಸಲ ಮಾತಾಡಿದ್ದೆ. ಹೂವಿನ ವಿಷಯ ಒಮ್ಮೆಯೂ ಬಂದಿರಲಿಲ್ಲ. ಮರೆತಿರಬಹುದು ಎಂದುಕೊಂಡೆ. ವಯಸ್ಸಾದವರು.

ನನ್ನ ಗಮನವೆಲ್ಲ ಎದುರಿಗಿದ್ದವನ ಮೇಲಿತ್ತು. ಕೈಯಲ್ಲಿದ್ದ ಇಸ್ಪೀಟಿನ ಕೊನೆಯ ಎಲೆ ಎಸೆದೆ.

“ನೆಟ್ಟಿನಲ್ಲಿರುವ ನಿಮ್ಮ ಎರಡು ವಿಡಿಯೋಗಳಲ್ಲಿ ಎರಡನೆಯದನ್ನು ನಿಝಾಮ್ ನೋಡಿದ್ದ. ನೀವು ಇಲ್ಲಿ ಕೆಲಸಕ್ಕೆ ಸೇರುವಾಗ ‘ನಿವೃತ್ತ’ ಎಂದು ಬರೆದುಕೊಟ್ಟಿದ್ದೀರಿ. ನಿವೃತ್ತಿ ಅಲ್ಲ, ವಿಚಾರಣೆ ನಡೆಯುತ್ತಿರುವಾಗ ಕೊಟ್ಟ ರಾಜೀನಾಮೆ. ಅವನಿಗೆ ಗೊತ್ತಾಯಿತು. ಅವನ ಬಾಯಿ ಮುಚ್ಚಿಸಬೇಕಾಯಿತು.”

ಅವನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದ ಬಸ್ಸು ಬಂದಂತೆ ನಿಟ್ಟುಸಿರು ಬಿಟ್ಟ.

ಕ್ಯಾಂಪಿನ ಮಟ್ಟಿಗೆ ಅಮೆರಿಕದ ಪೊಲೀಸರೆಂದರೆ ಫೋನಿನ ಪೊಲೀಸರು. ಡ್ಯೂಟಿ ಮುಗಿಸಿ ಬಂದವರು ಮಂಚದ ಮೇಲೆ ಬಿದ್ದುಕೊಂಡು, ಆ ಎದೆಯ ಕ್ಯಾಮೆರಾದ ವಿಡಿಯೋಗಳನ್ನು ಒಂದರ ಮೇಲೊಂದು ನೋಡುತ್ತಾರೆ. ಕೆಲವರು ಶಹಬ್ಬಾಸ್ ಎನ್ನುತ್ತಾರೆ, ಕೆಲವರು ಬಾಯಿಗೆ ಬಂದಂತೆ ಬೈಯುತ್ತಾರೆ. ನಿಝಾಮನಿಗೆ ಮಾತ್ರ ಅದು ಹುಚ್ಚು. ಊರಿನಲ್ಲಿ ಎರಡು ಸಲ ಕಾನ್‌ಸ್ಟೇಬಲ್ ಆಯ್ಕೆಗೆ ಹೋಗಿ, ಎರಡು ಸಲವೂ ಎದೆಯಳತೆಯಲ್ಲಿ ಒಂದು ಸೆಂಟಿಮೀಟರ್ ಕಡಿಮೆಯಾಗಿ ವಾಪಸ್ ಬಂದವನು. “ಸ್ಟೆಪ್ ಔಟ್ ಆಫ್ ದ ವೆಹಿಕಲ್” ಎಂಬುದನ್ನು ಅದೇ ಮೂಗಿನ ದನಿಯಲ್ಲಿ ಹೇಳಿ ರೂಮಿನವರನ್ನೆಲ್ಲ ನಗಿಸುತ್ತಿದ್ದ.

“ಮೊದಲನೇ ವಾರದಲ್ಲೇ ಅವನಿಗೆ ಎರಡೂ ಗೊತ್ತಿತ್ತು,” ಎಂದ ಕ್ರೌಡರ್. “ನನ್ನ ಎದುರು ಕೂತು ಎರಡನ್ನೂ ಹಾಕಿದ. ‘ಇದೂ ನೀವೇ, ಇದೂ ನೀವೇನಾ ಸಾರ್?’ ಎಂದು ಕೇಳಿದ. ನೀನು ನೋಡಿದ್ದೀಯಾ?”

“ನೋಡಿದ್ದೇನೆ.”

“ಮೊದಲನೆಯದರಲ್ಲಿ ನಾನು ಹಿಮದಲ್ಲಿ ಮಂಡಿಯೂರಿ ಒಬ್ಬ ಅಜ್ಜಿಯ ಶೂ ಲೇಸು ಕಟ್ಟುತ್ತೇನೆ. ಯಾರೋ ತೆಗೆದು ಹಾಕಿದರು. ಇಲಾಖೆಯವರು ಅದೇ ಚಿತ್ರವನ್ನು ಹೆದ್ದಾರಿಯಲ್ಲಿ ದೊಡ್ಡ ಬೋರ್ಡ್ ಮಾಡಿ ನಿಲ್ಲಿಸಿದರು. ಕಾಫಿ ಅಂಗಡಿಯಲ್ಲಿ ಜನ ನನ್ನ ಕೈ ಕುಲುಕುತ್ತಿದ್ದರು. ಎರಡನೆಯದರಲ್ಲಿ ನನ್ನ ಜೊತೆಯವನು ಹತ್ತೊಂಬತ್ತರ ಒಬ್ಬ ಹುಡುಗನನ್ನು ನೆಲಕ್ಕೆ ಒತ್ತಿ ತೋಳು ಮುರಿಯುತ್ತಾನೆ. ನಾನು ಟಾರ್ಚು ಹಿಡಿದು ನಿಂತಿದ್ದೇನೆ. ಬಿಡು ಎಂದು ಹೇಳಲಿಲ್ಲ. ಟಾರ್ಚು ಅಲುಗಲೂ ಇಲ್ಲ.”

ಅವನು ಕುರ್ಚಿಗೆ ಬೆನ್ನು ಕೊಟ್ಟ.

“ಬೋರ್ಡ್ ತೆಗೆಯಲಿಕ್ಕೆ ಅವರಿಗೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಯಾರೋ ಅದರಲ್ಲಿದ್ದ ನನ್ನ ಮುಖಕ್ಕೆ ಕಪ್ಪು ಬಣ್ಣ ಬಳಿದರು. ದಿನಾ ಅದರ ಕೆಳಗೇ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಎರಡೂ ಸುಳ್ಳಲ್ಲ ಶಾನವಾಝ್. ಆದರೆ ಎರಡೂ ಸೇರಿ ಮೂರು ನಿಮಿಷ. ಉಳಿದದ್ದು ಹನ್ನೆರಡು ಗಂಟೆಯ ಶಿಫ್ಟು. ಸ್ಟೇರಿಂಗಿನ ಮೇಲೆ ಊಟ. ಅರ್ಧ ಗಂಟೆಯ ಜಗಳಕ್ಕೆ ಮೂರು ಗಂಟೆಯ ರಿಪೋರ್ಟು. ರಜೆಯ ದಿನ ಕೋರ್ಟು. ಮಗಳ ಹದಿನೆಂಟು ಹುಟ್ಟುಹಬ್ಬಗಳಲ್ಲಿ ನಾನು ಮನೆಯಲ್ಲಿದ್ದದ್ದು ಐದಕ್ಕೆ ಮಾತ್ರ. ನಲವತ್ತಮೂರು ಮನೆಯ ಬಾಗಿಲು ತಟ್ಟಿ ಸಾವಿನ ಸುದ್ದಿ ಹೇಳಿದ್ದೇನೆ. ಅದರ ವಿಡಿಯೋ ಯಾರಿಗೆ ಬೇಕು?”

ನಮ್ಮೂರಲ್ಲಿ ಪೊಲೀಸನಿಗೆ ಯಾರಾದರೂ ಥ್ಯಾಂಕ್ಸ್ ಹೇಳಿದ್ದು ನನಗೆ ನೆನಪಿಲ್ಲ. ಚಹಾ ಕೊಟ್ಟಿದ್ದಾರೆ, ಅದು ಬೇರೆ ವಿಷಯ. ಬಾಗಿಲು ತಟ್ಟುವ ಕೆಲಸ ಮಾತ್ರ ನಾನೂ ಮಾಡಿದ್ದೇನೆ. ಒಂದು ಬಾಗಿಲಿನ ಬಣ್ಣ ಇವತ್ತಿಗೂ ಕಣ್ಣ ಮುಂದಿದೆ.

“ವಾಪಸ್ ಹೋಗಬೇಕು ಅನಿಸ್ತದಾ?” ಎಂದು ಕೇಳಿದೆ. ವಿಚಾರಣೆಗೆ ಸಂಬಂಧವಿಲ್ಲದ ಪ್ರಶ್ನೆ. ಯಾಕೆ ಕೇಳಿದೆ ಎಂದು ನನಗೇ ಗೊತ್ತಿಲ್ಲ.

“ದಿನಾ. ಊರಿಗಲ್ಲ. ಬೆಳಗ್ಗೆ ಆರೂಮುಕ್ಕಾಲರ ಹಾಜರಿಗೆ. ನೆಲಮಾಳಿಗೆಯ ರೂಮು, ಕೆಟ್ಟ ಕಾಫಿ, ಮುರುಕು ಕುರ್ಚಿ. ಕೊನೆಯಲ್ಲಿ ಸಾರ್ಜೆಂಟ್ ‘ಎಲ್ಲರೂ ಮನೆ ಸೇರಿ’ ಎನ್ನುತ್ತಿದ್ದ. ಅದನ್ನು ಒಂದು ಸಲ ಕೇಳಬೇಕು.”

ನನಗೆ ಅರ್ಥವಾಯಿತು. ಊರಿಗೆ ಹೋದಾಗಲೆಲ್ಲ ನಾನು ಹಳೆಯ ಠಾಣೆಯ ಮುಂದೆ ಬೈಕು ನಿಧಾನ ಮಾಡುತ್ತೇನೆ. ಒಳಗೆ ಹೋಗುವುದಿಲ್ಲ. ವರಾಂಡದಲ್ಲಿ ಯಾರು ನಿಂತಿದ್ದಾರೆ ಎಂದು ನೋಡಿ ಮುಂದೆ ಹೋಗುತ್ತೇನೆ. ಹೆಂಡತಿ ರುಬೀನ ಹಿಂದೆ ಕೂತು ಏನೂ ಕೇಳುವುದಿಲ್ಲ, ಅಷ್ಟರ ಮಟ್ಟಿಗೆ ನಾನು ಪುಣ್ಯವಂತ.

“ನಮ್ಮಲ್ಲಿ ಒಂದು ಪದ್ಧತಿ ಇದೆ,” ಎಂದ ಕ್ರೌಡರ್. “ನಿವೃತ್ತಿಯ ದಿನ ಕಂಟ್ರೋಲ್ ರೂಮಿನವರು ರೇಡಿಯೋದಲ್ಲಿ ನಮ್ಮ ನಂಬರ್ ಕರೆಯುತ್ತಾರೆ. ಎಲ್ಲ ಗಾಡಿಗಳಿಗೂ ಕೇಳುವಂತೆ. ಇಷ್ಟು ವರ್ಷ ಕೆಲಸ ಮಾಡಿದಿರಿ, ಇನ್ನು ಮುಂದಿನದು ನಾವು ನೋಡಿಕೊಳ್ಳುತ್ತೇವೆ ಎನ್ನುತ್ತಾರೆ. ಗಟ್ಟಿ ಗಂಡಸರು ಕಾರಿನೊಳಗೆ ಅಳುತ್ತಾರೆ. ರಾಜೀನಾಮೆ ಕೊಟ್ಟವನಿಗೆ ಅದಿಲ್ಲ. ನಾನು ಬ್ಯಾಡ್ಜನ್ನು ಒಂದು ಲಕೋಟೆಯಲ್ಲಿ ಹಾಕಿ ಕೊಟ್ಟು, ಹಿಂದಿನ ಬಾಗಿಲಿನಿಂದ ಹೊರಗೆ ಬಂದೆ.”

ಅವನ ದನಿ ತಗ್ಗಿತು.

“ಮಾರ್ಚಿನಲ್ಲಿ ಒಂದು ಮಧ್ಯಾಹ್ನ, ಕ್ಲಾಸು ಮುಗಿದಿತ್ತು. ಕೆಳಗೆ ಪಾರ್ಕಿಂಗಿನಲ್ಲಿ ವಾಕಿಟಾಕಿಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ಕೈಯಲ್ಲಿದ್ದ ಒಂದು ಮಾತಾಡಿತು. ‘ಫೋರ್ ಆ್ಯಡಮ್ ಸಿಕ್ಸ್’. ನನ್ನ ನಂಬರ್. ಎರಡು ಸಲ ಕರೆಯಿತು. ಆಮೇಲೆ ಇಪ್ಪತ್ತೊಂದು ವರ್ಷ, ಧನ್ಯವಾದ, ಇನ್ನು ನಾವು ನೋಡಿಕೊಳ್ಳುತ್ತೇವೆ, ನೀವು ಮನೆಗೆ ಹೋಗಿ ಸಾರ್. ವಿಡಿಯೋ ನೋಡಿ ಎಲ್ಲ ಬಾಯಿಪಾಠ ಮಾಡಿದ್ದ. ಆ ‘ಸಾರ್’ ಒಂದು ಮಾತ್ರ ನಿಝಾಮನದು. ಕಂಬದ ಹಿಂದೆ ನಿಂತಿದ್ದ.”

ಕ್ರೌಡರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಬಹಳ ಹೊತ್ತು ಒರೆಸಿದ.

“ಅವನ ಬಾಯಿ ಮುಚ್ಚಿಸಲಿಕ್ಕೆ ನಾನು ಹೋಗುತ್ತೇನಾ?”

ಆಮೇಲೆ ಅವನು ಎಡಗೈ ಎತ್ತಿ ಫೋಟೋದ ಮೇಲಿಟ್ಟ. ನಿಜವಾದ ಅಳತೆಗೇ ಪ್ರಿಂಟ್ ಮಾಡಿಸಿದ್ದೆ. ಅವನ ಬೆರಳುಗಳು ಆ ಗುರುತಿಗಿಂತ ಒಂದು ಗೆಣ್ಣು ಮುಂದೆ ಹೋದವು, ಅಂಗೈ ಎರಡೂ ಕಡೆ ಹೊರಚೆಲ್ಲಿತು. ನನ್ನ ಮುಖ ಬಿಸಿಯಾಯಿತು. ಈ ಒಂದು ಕೆಲಸವನ್ನು ನಾನು ಬಂದ ಕೂಡಲೇ ಮಾಡಬೇಕಿತ್ತು.

“ನಿಮ್ಮದಲ್ಲದಿದ್ದರೆ ನೀವು ಕಲಿಸಿದ ಯಾರದೋ,” ಎಂದೆ. “ಎಷ್ಟು ಜನಕ್ಕೆ ಕಲಿಸಿದ್ದೀರಿ?”

“ಸಾವಿರದ ಮೇಲೆ. ಆದರೆ ಇದರಲ್ಲಿ ಹೆಬ್ಬೆರಳು ಎಲ್ಲಿ?”

ನಾನು ನೋಡಿದೆ. ಅಂಗೈ, ನಾಲ್ಕು ಬೆರಳು. ಹೆಬ್ಬೆರಳಿನ ಜಾಗ ಖಾಲಿ. ನಿನ್ನೆಯಿಂದ ನೂರು ಸಲ ನೋಡಿದ ಚಿತ್ರ. ನಾಲ್ಕು ಬೆರಳು ಎಂದು ನನ್ನ ಬಾಯಿಯಿಂದಲೇ ಹೇಳಿದ್ದೆ.

“ಅವನಪ್ಪನ ಬೋಟಿನಲ್ಲಿ ಹಗ್ಗಕ್ಕೆ ಸಿಕ್ಕಿ ಅವನ ಎಡಗೈ ಹೆಬ್ಬೆರಳು ಮಡಚಿಕೊಂಡೇ ಉಳಿದಿದೆ,” ಎಂದ ಕ್ರೌಡರ್. “ಕೈ ಪೂರ್ತಿ ಬಿಡಿಸು ಎಂದು ಮೊದಲ ದಿನ ಬೈದಿದ್ದೆ. ಆಮೇಲೆ ನೋಡಿದೆ. ಇದು ನಿಝಾಮನ ಕೈ.”

“ಅವನ ಕಾರು. ಅವನ ಕೈ. ಅದರಲ್ಲಿ ಏನುಂಟು?”

“ಶಾನವಾಝ್, ನಿನ್ನ ಸ್ವಂತ ಕಾರಿನ ಹತ್ತಿರ ಹೋಗುವಾಗ ನೀನು ಹಿಂಬದಿ ಒತ್ತುತ್ತೀಯಾ?”

ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವನೇ ಹೇಳಿದ.

“ಖಾಲಿ ಕಾರನ್ನು ನಾವು ಯಾರೂ ಒತ್ತುವುದಿಲ್ಲ. ಒಳಗೆ ಜನ ಇದ್ದರೆ ಮಾತ್ರ.”

ಕಾರಿಡಾರಿನ ಪಾಠ ಯಾವಾಗಲೋ ನಿಂತಿತ್ತು. ಏರ್‌ಪೋರ್ಟಿಗೆಂದು ಹೊರಟ ನಿಝಾಮ್ ಬೆಳಗಿನ ಇಬ್ಬನಿಯಲ್ಲಿ ತನ್ನ ಕಾರಿನ ಹತ್ತಿರ ಬಂದಿದ್ದಾನೆ. ಒಳಗೆ ಯಾರೋ ಕೂತಿರುವುದು ಕಂಡಿದೆ. ತಾನು ಕಲಿತಂತೆ, ಫೋನಿನಲ್ಲಿ ಸಾವಿರ ಸಲ ನೋಡಿದಂತೆ, ಎಡಗೈಯಿಂದ ಒತ್ತಿ ಮುಂದೆ ಹೋಗಿದ್ದಾನೆ. ಎದೆಯಳತೆ ಕಡಿಮೆಯಾದವನು ಆ ಒಂದು ನಿಮಿಷ ಪೊಲೀಸನಾಗಿದ್ದ.

“ಗಾಜು ಒಡೆದಿಲ್ಲ, ಲಾಕ್ ಕೆಟ್ಟಿಲ್ಲ ಎಂದೆ ನೀನು,” ಎಂದ ಕ್ರೌಡರ್. “ಇನ್ನೊಂದು ಕೀ ಯಾರ ಹತ್ತಿರ ಇದೆ?”

“ಇದನ್ನು ನೀವು ಪೊಲೀಸರ ಮುಂದೆ ಹೇಳಬೇಕಾಗ್ತದೆ. ನಿಮ್ಮ ಹಳೆಯದೆಲ್ಲ ಹೊರಗೆ ಬರ್ತದೆ. ಈ ಕೆಲಸ ಉಳಿಯುವುದಿಲ್ಲ.”

“ಒಂದು ಸಲ ಟಾರ್ಚು ಹಿಡಿದು ಸುಮ್ಮನೆ ನಿಂತದ್ದು ಸಾಕು,” ಎಂದು ಅವನು ಎದ್ದು ನಿಂತ. “ಮೊದಲು ಕೀ ವಿಷಯ ಕೇಳು.”

ನಾನು ಹಫ್ಸಳಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. ಒಂಬತ್ತು ದಿನದಿಂದ ಅವಳು ಎಲ್ಲ ಫೋನನ್ನೂ ಮೊದಲ ರಿಂಗಿಗೇ ಎತ್ತುತ್ತಿದ್ದಳು.

“ಕಾಕ?”

“ಹಫ್ಸ, ಕಾರಿನ ಎರಡನೇ ಕೀ ಬಗ್ಗೆ ನಿ‌ಝಾಮ್ ಏನಾದ್ರೂ ಹೇಳಿದ್ದನಾ?”

“ಅದು ನನ್ನ ಹತ್ರವೇ ಉಂಟಲ್ಲ ಕಾಕ. ಬಕ್ರೀದಿಗೆ ಕ್ಯಾಂಪಿನ ಅಹ್ಮದಾಕ ಊರಿಗೆ ಬರುವಾಗ ಅವ್ರ ಕೈಯಲ್ಲಿ ಕಟ್ಟು ಕಳಿಸಿದ್ರು. ಸೋಪು, ಹಾಲಿನ ಪುಡಿ, ಅದ್ರೊಳಗೆ ಕೀ. ಕಾರು ನಿಂದೂ ಹೌದು ಅಂತ ಚೀಟಿ ಬರ್ದಿದ್ರು.”

ಗಲ್ಫಿನಲ್ಲಿ ಯಾರು ಊರಿಗೆ ಹೊರಟರೂ ಅವರ ಪೆಟ್ಟಿಗೆಯಲ್ಲಿ ಇನ್ನೊಬ್ಬರ ಮನೆಯ ಕಟ್ಟು ಇರುತ್ತದೆ. ಬೇಡ ಎನ್ನುವವರಿಲ್ಲ, ಬಿಚ್ಚಿ ನೋಡುವವರೂ ಇಲ್ಲ.

“ಕಟ್ಟು ಹಾಗೇ ಬಂತಾ? ಟೇಪು ಹಾಕಿದ ಹಾಗೆ?”

“ಇಲ್ಲ ಕಾಕ. ಏರ್‌ಪೋರ್ಟಲ್ಲಿ ತೂಕ ಜಾಸ್ತಿ ಬಂತು, ಬಿಚ್ಚಿ ಬೇರೆ ಬೇರೆ ಬ್ಯಾಗಿಗೆ ಹಾಕಿದೆ ಅಂದ್ರು ಅಹ್ಮದಾಕ. ಬಂದು ಹತ್ತು ದಿನ ಆದ ಮೇಲೆ ತಂದುಕೊಟ್ರು. ಯಾಕೆ? ಅವ್ರು ಇಲ್ಲೇ ಇದ್ದಾರೆ ಈಗ, ಕೊಡ್ಲಾ ಫೋನು?”

ನಕಲು ಕೀ ಮಾಡಿಸಲು ಒಂದು ದಿನ ಸಾಕು, ಅಹ್ಮದ್ ಕುಂಞಿಯವರ ಕೈಯಲ್ಲಿ ಅದು ಹತ್ತು ದಿನ ಇತ್ತು. ನಾನು ಎದ್ದು ನಿಂತೆ.

“ಯಾಕೆ ಬಂದಿದ್ದಾರೆ?”

“ಏನೋ ಕಾಗದಕ್ಕೆ ನನ್ನ ಸೈನ್ ಬೇಕಂತೆ. ಗಂಡ ಹೇಳದೆ ಕೇಳದೆ ಹೋಗಿದ್ದಾರೆ ಅಂತ ಬರ್ದುಂಟು. ನಾಲ್ಕು ಗಂಟೆಯ ಒಳಗೆ ಕೊಡ್ಬೇಕಂತೆ. ರುಬೀನಕ್ಕ ಡ್ಯೂಟಿಗೆ ಹೋಗಿದ್ದಾರಲ್ಲ, ಹಾಗಾಗಿ ಬಾಗಿಲು ತೆರೆದೇ ಇಟ್ಟು ಕೂರಿಸಿದ್ದೇನೆ. ಹಿರಿಯರು, ಹೊರಗೆ ನಿಲ್ಲಿಸ್ಲಿಕ್ಕೆ ಆಗ್ತದಾ?”

“ಸೈನ್ ಹಾಕ್ಬೇಡ. ನಾನು ಫೋನ್ ಮಾಡಿದ್ದು ಅಂತ ಹೇಳ್ಬೇಡ, ರುಬೀನ ಅಂತ ಹೇಳು. ಬಾಗಿಲು ಹಾಕ್ಬೇಡ. ಚಹಾ ಮಾಡಿ ಕೊಡು. ನಾನು ಬರ್ತಾ ಇದ್ದೇನೆ.”

ಅಡುಗೆಮನೆಗೆ ನಡೆದು ಹೋದ ಚಪ್ಪಲಿಯ ಸದ್ದು ಕೇಳಿಸಿತು. ಆಮೇಲೆ ಅವಳು ಪಿಸುಗುಟ್ಟಿದಳು. “ಕಾಕ, ಏನಾದ್ರೂ ಗೊತ್ತಾಯ್ತಾ?”

ಹೇಳಬಾರದಿತ್ತು. ಆದರೆ ಒಂಬತ್ತು ದಿನ ಆ ಹೆಣ್ಣಿನ ಮುಖ ನೋಡಿ ನನಗೂ ಸಾಕಾಗಿತ್ತು.

“ಅವನು ಓಡಿಹೋಗಿಲ್ಲ ಹಫ್ಸ. ನಿನ್ನನ್ನು ಕರ್ಕೊಂಡು ಬರ್ಲಿಕ್ಕೇ ಹೊರಟಿದ್ದ. ಕಾರಿನ ಹತ್ರ ಬಂದಿದ್ದ.”

ಅವಳು ಅತ್ತಳು, ಅಳುತ್ತಲೇ ನಕ್ಕಳು.

“ನನಗೆ ಗೊತ್ತಿತ್ತು ಕಾಕ. ಅವ್ರು ಬಿಟ್ಟು ಹೋಗುವವರಲ್ಲ. ಇನ್ನು ಎಷ್ಟು ದಿನ ಬೇಕಾದ್ರೂ ಕಾಯ್ತೇನೆ.”

ಓಡಿಹೋದವನಾಗಿದ್ದರೆ ನಿಝಾಮ್ ಎಲ್ಲೋ ಒಂದು ಕಡೆ ಉಂಡು ಮಲಗಿರುತ್ತಿದ್ದ. ಬೈದುಕೊಂಡಾದರೂ ಅವನು ಬದುಕಿದ್ದಾನೆ ಎಂದುಕೊಳ್ಳಬಹುದಿತ್ತು. ಒಂದೇ ಮಾತಿನಲ್ಲಿ ಅದನ್ನು ನಾನು ಅವಳಿಂದ ಕಿತ್ತುಕೊಂಡಿದ್ದೆ. ಅವಳು ನನಗೆ ದುಆ ಮಾಡುತ್ತಿದ್ದಳು.

ಫೋನ್ ಇಡಲು ಅವಳು ಮರೆತಿದ್ದಳು. ನಾನು ಮೆಟ್ಟಿಲಿಳಿದು ಓಡುವಾಗಲೂ ಅದು ಕಿವಿಯಲ್ಲೇ ಇತ್ತು. ಹಿಂದೆ ಕ್ರೌಡರನ ಬೂಟಿನ ಸದ್ದು. ಫೋನಿನ ಆ ಕಡೆ ಪಾತ್ರೆ ಇಟ್ಟ ಶಬ್ದ, ಮೂಗು ಎಳೆದುಕೊಂಡ ಶಬ್ದ. ನಂತರ ಹಫ್ಸಳ ದನಿ, ಒಂಬತ್ತು ದಿನದಲ್ಲಿ ನಾನು ಕೇಳದಷ್ಟು ಹಗುರಾದ ದನಿ.

“ಅಹ್ಮದಾಕ, ಸಕ್ಕರೆ ಎಷ್ಟು ಹಾಕ್ಲಿ?”

ಉತ್ತರ ಬರಲು ತಡವಾಯಿತು. ಬಂದಾಗ ಬಹಳ ಹತ್ತಿರದಿಂದ ಬಂತು, ಅಡುಗೆಮನೆಯ ಒಳಗಿನಿಂದಲೇ.

“ಏನು ಮಗಳೇ, ಇಷ್ಟು ಖುಷಿ? ನಿಝಾಮ್ ಎಲ್ಲಿದ್ದಾನೆ ಅಂತ ಯಾರು ಹೇಳಿದ್ರು?”

ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಫೋನ್ ಕಟ್ಟಾಯಿತು.